ಇಂಜಿನಿಯರರೂ ನಮ್ಮ ಕಾಲುಸಂಕಗಳೂ

ಒಂದು ವೃತ್ತಿಗೆ ಸಮಾಜದಲ್ಲಿ ಎಷ್ಟು ಮರ್ಯಾದೆ ಇದೆ ಎಂಬುದನ್ನು ಅರಿಯಲು ಸಂಬಳದ ಪಟ್ಟಿಯನ್ನು ನೋಡಬೇಕಾಗಿಲ್ಲ. ಜನರು ಅದರ ಹೆಸರಿಗೆ ಯಾವ ಪ್ರತ್ಯಯವನ್ನು ಹಚ್ಚುತ್ತಾರೆಂಬುದನ್ನು ಕಿವಿಗೊಟ್ಟು ಕೇಳಿದರೆ ಸಾಕು. ನಾನು ಹುಡುಗನಾಗಿದ್ದ ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ಕುಂದಾಪುರದ ಕಡೆ ‘ಇಂಜಿನಿಯರ್ರು ಬಂದರು’ ಎನ್ನುತ್ತಿದ್ದರು. ಬಂದವರು ಒಬ್ಬರೇ, ಮಾತು ಬಹುವಚನದ್ದು. ವೈದ್ಯರಿಗೂ ಶಾಲೆಯ ಮಾಸ್ತರರಿಗೂ ಸಲ್ಲುತ್ತಿದ್ದ ಬಹುವಚನವೇ ಅವರಿಗೂ ಸಲ್ಲುತ್ತಿದ್ದಿತು. ಇಂದು ಅದೇ ಊರಿನಲ್ಲಿ ‘ಅವರ ಮಗ ಇಂಜಿನಿಯರಂತೆ’ ಎಂದರೆ, ‘ಹೌದೆ? ಈಗ ಏನು ಮಾಡಿಕೊಂಡಿದ್ದಾನೆ?’ ಎಂಬ ಮರುಪ್ರಶ್ನೆ ಬರುತ್ತದೆ. ಇಂಜಿನಿಯರ್ ಆಗುವುದೆಂದರೆ ಏನನ್ನಾದರೂ ಮಾಡುವುದು ಎಂಬ ನಂಬಿಕೆ ಜನರಲ್ಲಿ ಉಳಿದಿಲ್ಲ. ಈ ಒಂದು ಪ್ರಶ್ನೆಯಲ್ಲಿ ಐವತ್ತು ವರ್ಷಗಳ ಸಾಮಾಜಿಕ ಇತಿಹಾಸ ಅಡಗಿದೆ ಎಂದು ನನಗೆ ತೋರುತ್ತದೆ.

ಕನ್ನಡ ಎಂ.ಎ. ಮಾಡಿ, ಜೀವಮಾನವೆಲ್ಲ ವ್ಯಾಕರಣ ಛಂದಸ್ಸುಗಳ ಪಾಠ ಹೇಳಿದವನಿಗೆ ಇಂಜಿನಿಯರರ ಗೊಡವೆ ಏಕೆ ಎಂದು ಕೇಳುಗರು ಕೇಳಬಹುದು. ಸೇತುವೆಯನ್ನು ಕಟ್ಟುವವನಿಗೆ ಅದರ ವಿಷಯ ಮಾತನಾಡುವ ಅಧಿಕಾರ ಎಷ್ಟಿದೆಯೋ ಅದನ್ನು ದಾಟುವವನಿಗೂ ಅಷ್ಟೇ ಇದೆ ಎಂಬುದು ನನ್ನ ಮೊದಲ ಉತ್ತರ. ನನ್ನ ಪದವಿಪೂರ್ವ ತರಗತಿಗಳಲ್ಲಿ ಕುಳಿತಿದ್ದ ಜಾಣ ಹುಡುಗರಲ್ಲಿ, ಈಚೆಗೆ ಹುಡುಗಿಯರಲ್ಲಿಯೂ, ಬಹುಪಾಲು ಜನ ಇಂಜಿನಿಯರಿಂಗಿಗೆ ಹೋದವರು ಎಂಬುದು ಎರಡನೆಯ ಉತ್ತರ. ಅವರು ಏನಾದರು ಎಂಬುದು ನನ್ನ ಕಾಳಜಿಗೆ ಹೊರಗಿನ ಸಂಗತಿಯಲ್ಲ.

ಮೊದಲು ಶಬ್ದಗಳನ್ನು ಸ್ವಲ್ಪ ನೋಡೋಣ. ‘ಇಂಜಿನಿಯರ್’ ಎಂಬುದರ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಹುಟ್ಟರಿವು, ಚಾತುರ್ಯ ಎಂಬ ಅರ್ಥವಿದೆ. ನಮ್ಮ ಸರಕಾರಿ ಕಡತಗಳಲ್ಲಿ ಬಳಕೆಯಾಗುವ ‘ಅಭಿಯಂತರ’ ಎಂಬುದರಲ್ಲಿರುವುದು ‘ಯಮ್’ ಧಾತು; ಅಂಕೆಯಲ್ಲಿಡು ಎಂದು ಅದರರ್ಥ. ಯಂತ್ರ, ನಿಯಂತ್ರಣಗಳೂ ಅದೇ ಬಳ್ಳಿಯ ಕಾಯಿಗಳು. ಇನ್ನು, ಕಟ್ಟಡದ ಕೆಲಸದ ಯಜಮಾನನಿಗೆ ನಮ್ಮ ಕರಾವಳಿಯವರು ಹೇಳುವ ‘ಮೇಸ್ತ್ರಿ’ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು. ಅದರ ಅರ್ಥ ಗುರು, ಕೆಲಸ ಬಲ್ಲವನು. ಚಾತುರ್ಯ, ಅಂಕೆ, ಗುರುತನ ಈ ಮೂರೂ ಒಬ್ಬನಲ್ಲಿ ಸೇರಿದಾಗ ಜನರು ತಾವಾಗಿಯೇ ಬಹುವಚನ ಬಳಸುತ್ತಾರೆ. ಮೂರೂ ಮೂರು ಕಡೆ ಹಂಚಿಹೋದಾಗ ಉಳಿಯುವುದು ಹುದ್ದೆ ಮಾತ್ರ.

ನಮ್ಮ ಸೀಮೆಯಲ್ಲಿ ಆ ಮರ್ಯಾದೆ ಎಲ್ಲಿಂದ ಬಂದಿತೆಂಬುದನ್ನು ಇಲ್ಲಿಯ ನೆಲವೇ ಹೇಳುತ್ತದೆ. ಉಡುಪಿಯಿಂದ ಬಡಗಲಾಗಿ ಹೊರಟವನಿಗೆ ಕಲ್ಯಾಣಪುರದಲ್ಲಿ ಸುವರ್ಣೆ, ಬ್ರಹ್ಮಾವರ ದಾಟಿ ಮಾಬುಕಳದಲ್ಲಿ ಸೀತೆ, ಕುಂದಾಪುರದಲ್ಲಿ ಪಂಚಗಂಗಾವಳಿ, ಮುಂದೆ ಸೌಪರ್ಣಿಕೆ. ಪಶ್ಚಿಮ ಘಟ್ಟದಿಂದ ಇಳಿದುಬರುವ ಇಷ್ಟೆಲ್ಲ ನೀರು ಕಡಲನ್ನು ಸೇರುವ ಮುನ್ನ ದಾರಿಗೆ ಅಡ್ಡ ಬರುತ್ತದೆ. ಮರವಂತೆಯಲ್ಲಿಯಂತೂ ಒಂದು ಕೈಗೆ ಕಡಲು, ಇನ್ನೊಂದು ಕೈಗೆ ಹೊಳೆ. ನಡುವೆ ರಸ್ತೆಗೆ ದೊರೆತದ್ದು ಮರಳಿನ ಒಂದು ಪಟ್ಟಿ. ಸೇತುವೆಗಳಾಗುವ ಮುಂಚೆ ಪ್ರಯಾಣವೆಂದರೆ ದೋಣಿ ಕಾಯುವುದು. ಹೆರಿಗೆಗೆ ತವರಿಗೆ ಹೊರಟವಳೂ ಕೋರ್ಟಿಗೆ ಹೊರಟವನೂ ಉಬ್ಬರವಿಳಿತಗಳನ್ನು ನೋಡಿಯೇ ಹೊಳೆಗೆ ಇಳಿಯಬೇಕು. ಇಂಥ ನಾಡಿನಲ್ಲಿ ಸೇತುವೆ ಕಟ್ಟಿದವರನ್ನು ಜನರು ನೋಡಿದ್ದರು. ಕಂಬ ಇಳಿಸುವಾಗ ದಡದಲ್ಲಿ ನಿಂತು ನೋಡಿದ್ದರು, ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಗೊತ್ತಿದ್ದಿತು. ಕಣ್ಣಿಗೆ ಕಾಣುವ ಕೆಲಸ, ಹೆಸರು ಹಿಡಿದು ಹೇಳಬಹುದಾದ ಹೊಣೆ — ಇವೆರಡರಿಂದ ಹುಟ್ಟಿದ ಗೌರವವದು.

ಮೈಸೂರು ಸೀಮೆಯಲ್ಲಿ ಈ ಗೌರವಕ್ಕೆ ವಿಶ್ವೇಶ್ವರಯ್ಯ ಎಂಬ ಹೆಸರಿದ್ದಿತು. ಪುಣೆಯಲ್ಲಿ ಕಲಿತು, ಖಡಕ್‌ವಾಸ್ಲಾದಲ್ಲಿ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ನಿಲ್ಲಿಸಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಲ್ಲಿ ದಿವಾನರಾದವರು. ಒಬ್ಬ ಇಂಜಿನಿಯರನು ರಾಜ್ಯದ ಬುದ್ಧಿಯೂ ಆಗಬಲ್ಲನೆಂಬುದನ್ನು ಅವರು ತೋರಿಸಿಕೊಟ್ಟರು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಾಗ ಅವರೇ ದಿವಾನರು. ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದ ಹುಡುಗರಿಗೆ ಮಾತ್ರ ದೂರದ ಗಿಂಡಿಯೇ ಗತಿಯಾಗಿದ್ದಿತು. ಮಂಗಳೂರಿನ ಪಾಲಿಟೆಕ್ನಿಕ್ 1946ರಲ್ಲಿ ತೆರೆಯಿತು, 1957ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. 1960ರಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ ಸುರತ್ಕಲ್ಲಿನ ಕಡಲ ತಡಿಗೆ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಬಂದಿತು. ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೋ ಬೆಂಗಳೂರಿಗೋ ಹೋದ ಅಣ್ಣನು ಕಳುಹಿದ ಮನಿಯಾರ್ಡರಿನಿಂದ ತಮ್ಮನು ಸುರತ್ಕಲ್ಲಿನಲ್ಲಿ ಓದಿದ ಕತೆಗಳು ಕೋಟ, ಸಾಲಿಗ್ರಾಮ, ಬಸ್ರೂರುಗಳ ಕೇರಿಕೇರಿಗಳಲ್ಲಿ ಸಿಗುತ್ತವೆ.

ಆ ಕಾಲವನ್ನು ನಾನು ಬಂಗಾರದ ಕಾಲವೆಂದು ಹೇಳುತ್ತಿಲ್ಲ. ಇಂಜಿನಿಯರ್ರಿಗೆ ಸಲ್ಲುತ್ತಿದ್ದ ಬಹುವಚನದಲ್ಲಿ ಒಂದು ಪಾಲು ಪ್ರೀತಿ, ಇನ್ನೊಂದು ಪಾಲು ಭಯ. ಅವರು ಬ್ರಿಟಿಷರು ಬಿಟ್ಟುಹೋದ ಬಂಗಲೆಯಲ್ಲಿ ಇಳಿಯುತ್ತಿದ್ದ, ಜೀಪಿನಲ್ಲಿ ಬರುತ್ತಿದ್ದ ಅಧಿಕಾರಿಗಳು. ಅಲ್ಲದೆ ಆ ವಿದ್ಯೆ ದಕ್ಕುತ್ತಿದ್ದುದು ಕೆಲವೇ ಮನೆತನಗಳಿಗೆ. ಗದ್ದೆಯಲ್ಲಿ ದುಡಿಯುವವರ, ಬಲೆ ಬೀಸುವವರ ಮಕ್ಕಳಿಗೆ ಅದು ಕನಸಿನಲ್ಲಿಯೂ ಸುಳಿಯದ ಮಾತಾಗಿದ್ದಿತು. ಬಾಗಿಲು ತೆರೆದದ್ದು ನಿಧಾನವಾಗಿ, ಜಗಳಗಳ ನಡುವೆ. ವಂತಿಗೆ ಕೊಟ್ಟವರಿಗೆ ಸೀಟು ಎಂಬ ಪದ್ಧತಿ ಬೆಳೆದು, ಅದನ್ನು ತಡೆಯಲು 1984ರಲ್ಲಿ ಕರ್ನಾಟಕವು ಕಾಯಿದೆಯನ್ನು ಮಾಡಿತು. 1993ರ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಬೈಂದೂರಿನ ಒಳನಾಡಿನ ಬಡವರ ಮಗಳೊಬ್ಬಳು ಅಂಕಗಳ ಬಲದಿಂದಲೇ ಸುರತ್ಕಲ್ಲಿಗೋ ಬೆಂಗಳೂರಿಗೋ ಹೋಗಲು ಸಾಧ್ಯವಾದದ್ದು ಆಮೇಲೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 2004ರಲ್ಲಿ ಕುಂದಾಪುರದ ಹತ್ತಿರ ಮೂಡ್ಲಕಟ್ಟೆಯಲ್ಲಿಯೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಹಲವರಿಗೆ ದಕ್ಕಿದ್ದರಿಂದ ಒಂದು ಪದವಿಯ ಬೆಲೆ ಇಳಿಯಿತೆಂದರೆ ಆ ಇಳಿತಕ್ಕಾಗಿ ನಾನು ಒಂದು ಹನಿ ಕಣ್ಣೀರನ್ನೂ ಹಾಕಲಾರೆ. ಅಕ್ಷರ ಬಲ್ಲವರು ಹೆಚ್ಚಿದಾಗ ಅಕ್ಷರಸ್ಥನ ದರ್ಪ ಇಳಿಯುವುದು ಒಳ್ಳೆಯದೇ.

ದುಃಖಪಡಬೇಕಾದುದು ಬೇರೊಂದು ಇಳಿತಕ್ಕೆ. ಪದವೀಧರರು ಹೆಚ್ಚಿದಂತೆ ವಿದ್ಯೆಯೂ ಹೆಚ್ಚಲಿಲ್ಲ. ತೊಂಬತ್ತರ ದಶಕದಿಂದ ಸಾಫ್ಟ್‌ವೇರ್ ಕಂಪೆನಿಗಳು ಯಾವ ವಿಭಾಗದ ಇಂಜಿನಿಯರಾದರೂ ಸರಿ ಎಂದು ಸಾವಿರ ಸಾವಿರ ಜನರನ್ನು ತೆಗೆದುಕೊಂಡವು. ತಮಗೆ ಬೇಕಾದ ತರಬೇತಿಯನ್ನು ಮತ್ತೆ ತಾವೇ ಕೊಟ್ಟುಕೊಂಡವು. ನಾಲ್ಕು ವರ್ಷ ಕಲಿತದ್ದು ಏನು ಎಂಬುದನ್ನು ಯಾರೂ ಕೇಳದಿದ್ದರೆ ಕಲಿಸುವವರೂ ಕಲಿಯುವವರೂ ಅದನ್ನು ಲಘುವಾಗಿ ಕಾಣುವುದು ಸಹಜ. ಮುಂದೆ ಆ ಕಂಪೆನಿಗಳಲ್ಲಿ ಹೊಸಬರ ವೇತನವು ವರ್ಷಕ್ಕೆ 3.5 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ನಿಂತುಬಿಟ್ಟಿತು. ಬೆಲೆಗಳು ಮಾತ್ರ ನಿಲ್ಲಲಿಲ್ಲ. ನಮ್ಮೂರಿನ ಒಳ್ಳೆಯ ಮೇಸ್ತ್ರಿಯ ಗಳಿಕೆ ಅದಕ್ಕೆ ಬಹಳ ಕಡಮೆಯೇನೂ ಅಲ್ಲ. ಮೇಸ್ತ್ರಿಗೆ ಹೆಚ್ಚು ಸಿಗುವುದು ನ್ಯಾಯವೇ. ಆದರೆ ಇದ್ದ ನಾಲ್ಕು ಸೆಂಟ್ಸು ಜಾಗವನ್ನು ಅಡವಿಟ್ಟು ಮಗನನ್ನು ಓದಿಸಿದ ತಂದೆಯು ಈ ಲೆಕ್ಕವನ್ನು ಹಾಕದೆ ಇರುತ್ತಾನೆಯೆ?

ಇತ್ತ, ಊರಿನಲ್ಲಿ ಇಂಜಿನಿಯರಿಂಗ್ ಎಂದು ಜನರ ಕಣ್ಣಿಗೆ ಬೀಳುತ್ತಿದ್ದುದಾದರೂ ಏನು? ವಾರಾಹಿ ಎಂಬ ಒಂದೇ ನದಿಯ ಎರಡು ಕೆಲಸಗಳನ್ನು ನೋಡಿ. ಹೊಸಂಗಡಿಯ ಬಳಿ ಬೆಟ್ಟದ ಹೊಟ್ಟೆಯನ್ನು ಕೊರೆದು ಕಟ್ಟಿದ, 1989ರಲ್ಲಿ ಚಾಲನೆಗೊಂಡ ವಿದ್ಯುದಾಗಾರವು ಹೆಮ್ಮೆಪಡಬೇಕಾದ ಕೆಲಸ. ನೆಲದೊಳಗಿರುವ ಕಾರಣ ಅದನ್ನು ಕಂಡವರು ಕಡಮೆ. ಅದೇ ನದಿಯ ನೀರಾವರಿ ಯೋಜನೆಯೋ, ಎಪ್ಪತ್ತರ ದಶಕದ ಕೊನೆಗೆ ಮಂಜೂರಾಗಿ, ಕಾಲುವೆಯಲ್ಲಿ ನೀರು ಹರಿಯುವಷ್ಟರಲ್ಲಿ ಮೂರು ದಶಕಗಳು ಸಂದಿದ್ದವು. ಅದನ್ನು ಎಲ್ಲರೂ ಕಂಡರು. ಕೊಂಕಣ ರೈಲು ಮಾರ್ಗವು ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನು ತೂರಿ, ಸುಮಾರು ಎರಡು ಸಾವಿರ ಸೇತುವೆಗಳನ್ನು ದಾಟಿ 1998ರ ಜನವರಿಯಲ್ಲಿ ಪೂರ್ತಿಯಾಯಿತು. ಅದರ ನೇತೃತ್ವ ವಹಿಸಿದ ಇ. ಶ್ರೀಧರನ್ ಅವರ ಹೆಸರು ಬಾರಕೂರು, ಬೈಂದೂರುಗಳ ಸಾಮಾನ್ಯರಿಗೂ ತಿಳಿದಿದ್ದಿತು. ಆದರೆ ಅನಂತರ ಹೆದ್ದಾರಿ ಅಗಲವಾಗುವಾಗ ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಾನುಗಟ್ಟಲೆ ಅರೆಬರೆಯಾಗಿ ನಿಂತಿದ್ದಾಗ ಯಾರ ಹೆಸರು ಹಿಡಿದು ಕೇಳಬೇಕೆಂಬುದೇ ಯಾರಿಗೂ ತಿಳಿಯಲಿಲ್ಲ. ಗುತ್ತಿಗೆದಾರ, ಒಳಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರ — ಈ ಸಾಲಿನಲ್ಲಿ ಇಂಜಿನಿಯರ್ ಎಲ್ಲಿ ಅಡಗಿದ್ದಾನೆಂಬುದನ್ನು ಹುಡುಕುವುದು ಕಷ್ಟ. ಹೊಣೆ ಯಾರದೆಂದು ತಿಳಿಯದ ಕಡೆ ಗೌರವವೂ ಯಾರಿಗೆಂದು ತಿಳಿಯುವುದಿಲ್ಲ. ನಮ್ಮ ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಮಂತ್ರಿಗಳ, ಶಾಸಕರ, ಅಧ್ಯಕ್ಷರ ಹೆಸರುಗಳು ದಪ್ಪಕ್ಷರದಲ್ಲಿರುತ್ತವೆ. ಇಂಜಿನಿಯರರ ಹೆಸರು ಇದ್ದರೆ ಅದು ಹುಲ್ಲು ಮುಚ್ಚುವ ಕೊನೆಯ ಸಾಲಿನಲ್ಲಿ.

ಇನ್ನು ತರಬೇತಿಯ ಮಾತು. ನಿವೃತ್ತಿಯ ನಂತರ ಎರಡು ವರ್ಷ ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಪಠ್ಯಕ್ರಮದಲ್ಲಿರುವ ಕನ್ನಡ ಪಾಠವನ್ನು ಹೇಳಿದೆ. ‘ನಿಮ್ಮೂರಿನಲ್ಲಿ ಜನರು ಕಟ್ಟಿದ ಯಾವುದಾದರೂ ಒಂದರ ವಿಷಯ ಎರಡು ಪುಟ ಬರೆಯಿರಿ’ ಎಂದು ಒಮ್ಮೆ ತರಗತಿಗೆ ಹೇಳಿದೆ. ಹೆಚ್ಚಿನವರು ಫೋನಿನಲ್ಲಿ ಹುಡುಕಿ ದುಬೈಯ ಗಗನಚುಂಬಿಯನ್ನೋ ಚೀನದ ಗೋಡೆಯನ್ನೋ ಬರೆದು ತಂದರು. ಬೈಂದೂರು ತಾಲೂಕಿನ ಮೂಡುಭಾಗದಿಂದ ಬಂದ ಹುಡುಗಿಯೊಬ್ಬಳು ಮಾತ್ರ ತನ್ನ ಮನೆಯ ದಾರಿಯ ಕಾಲುಸಂಕದ ವಿಷಯ ಬರೆದಿದ್ದಳು. ಅವಳ ಅಜ್ಜನೂ ನೆರೆಯವರೂ ಸೇರಿ ಪ್ರತಿವರ್ಷ ಮಳೆ ಹಿಡಿಯುವ ಮುಂಚೆ ಅಡಕೆ ಮರದ ಕಾಂಡಗಳನ್ನು ಹೇಗೆ ಆರಿಸುತ್ತಾರೆ, ಯಾವ ಬದಿಯನ್ನು ಮೇಲೆ ಮಾಡಿ ಹಾಸುತ್ತಾರೆ, ಕೈಯಾಸರೆಯ ಬಿದಿರನ್ನು ಎಲ್ಲಿ ಕಟ್ಟುತ್ತಾರೆ, ನೀರು ಯಾವ ಬಂಡೆಯನ್ನು ಮುಟ್ಟಿದರೆ ಮಕ್ಕಳನ್ನು ಶಾಲೆಗೆ ಕಳುಹುವುದಿಲ್ಲ — ಎಲ್ಲವೂ ಅದರಲ್ಲಿದ್ದಿತು. ಅದು ಪ್ರಬಂಧವಲ್ಲ, ಇಂಜಿನಿಯರರ ವರದಿ. ಅದನ್ನು ಸಿವಿಲ್ ವಿಭಾಗದ ಅಧ್ಯಾಪಕರಿಗೆ ತೋರಿಸೆಂದು ಹೇಳಿದೆ. ‘ನಾನು ಕಂಪ್ಯೂಟರ್ ಸೈನ್ಸ್, ಸರ್. ಸಿವಿಲ್ ತೆಗೆದುಕೊಂಡರೆ ಕೆಲಸ ಸಿಗುವುದಿಲ್ಲ ಎಂದು ಮನೆಯಲ್ಲಿ ಬೇಡವೆಂದರು’ ಎಂದಳು.

ನಮ್ಮ ತರಬೇತಿಯ ಕೊರತೆ ಎಲ್ಲಿದೆಯೆಂಬುದನ್ನು ಆ ಎರಡು ಪುಟಗಳು ನನಗೆ ತೋರಿಸಿದವು. ಕಾಲೇಜಿನ ಪುಸ್ತಕಗಳಲ್ಲಿರುವ ಸೂತ್ರಗಳು ಸರಿಯೇ. ಅವಿಲ್ಲದೆ ಸೇತುವೆ ನಿಲ್ಲದು. ಆದರೆ ಹುಡುಗರಿಗೆ ಸೂತ್ರಗಳೊಂದಿಗೆ ನೆಲದ ಪರಿಚಯವಿಲ್ಲ. ನಮ್ಮ ಮನೆಗಳೂ ದೇವಸ್ಥಾನಗಳೂ ಶಾಲೆಗಳೂ ನಿಂತಿರುವುದು ಮುರಕಲ್ಲಿನ ಮೇಲೆ, ಮುರಕಲ್ಲಿನಿಂದ. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು, ಈ ಕರಾವಳಿಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅವನು ಅದನ್ನು ಮಾಡಿಕೊಂಡ. ಯಾವ ಪಣೆಯ ಕಲ್ಲು ನೀರು ಕುಡಿಯುತ್ತದೆ, ಯಾವುದು ಕುಡಿಯುವುದಿಲ್ಲ ಎಂಬುದನ್ನು ನಮ್ಮ ಕಲ್ಲು ಕೆತ್ತುವವರು ತಟ್ಟಿ ನೋಡಿ ಹೇಳುತ್ತಾರೆ. ಆ ಜ್ಞಾನಕ್ಕೂ ಕಾಲೇಜಿನ ಪ್ರಯೋಗಶಾಲೆಗೂ ನಡುವೆ ಒಂದು ಹೊಳೆ ಹರಿಯುತ್ತಿದೆ. ಅದಕ್ಕೆ ಸಂಕ ಹಾಕಿದವರು ವಿರಳ.

ಆ ಹೊಳೆಯ ಹೆಸರು ಒಂದು ಪಾಲು ಭಾಷೆ. ಇಂಜಿನಿಯರರು ಇಂಗ್ಲಿಷಿನಲ್ಲಿ ಕಲಿತು, ನಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದು, ಅದರ ವಿಷಯ ಮೇಸ್ತ್ರಿಯೊಂದಿಗೆ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಮುಗಿಸುತ್ತಾರೆ. ಕನ್ನಡದಲ್ಲಿ ಇಂಜಿನಿಯರಿಂಗ್ ಪದವಿ ಪಡೆಯಲು 2021ರಲ್ಲಿ ಅವಕಾಶವಾಯಿತು, ಆಯ್ದುಕೊಂಡವರು ಬೆರಳೆಣಿಕೆಯಷ್ಟು. ಉದ್ಯೋಗಕ್ಕೆ ಅಂಜಿದ ಆ ಮಕ್ಕಳನ್ನು ನಾನು ದೂರಲಾರೆ. ಕಲಿಕೆಯ ಮಾಧ್ಯಮ ಯಾವುದೇ ಇರಲಿ, ತಾನು ಕಟ್ಟುವುದನ್ನು ಅದರಡಿಯಲ್ಲಿ ಬಾಳುವವರಿಗೆ ಅವರ ಮಾತಿನಲ್ಲಿ ವಿವರಿಸಿ, ಅವರ ಮಾತನ್ನು ಕೇಳಿಸಿಕೊಳ್ಳಲು ಬಾರದವನ ಶಿಕ್ಷಣ ಮುಗಿದಿಲ್ಲ ಎಂದಷ್ಟೇ ನನ್ನ ವಾದ. ನನ್ನ ಪರಿಚಯದ ಹಳ್ಳಿಯೊಂದರಲ್ಲಿ ಹೊಸದಾಗಿ ಹಾಕಿದ ಸಂಕವು ಮೊದಲ ಆಷಾಢದಲ್ಲಿಯೇ ನೀರಿನಡಿಯಾಯಿತು. ಅಲ್ಲಿಯ ವೃದ್ಧರೊಬ್ಬರು ನನಗೆ ಹೇಳಿದರು: ‘ಅವ್ರ್ ಬೇಸ್ಗಿಯಗೆ ಬಂದ್ ಅಳ್ತಿ ಮಾಡ್ರ್, ಮಾಷ್ಟ್ರೆ, ನಾವ್ ದಾಂಟುದ್ ಮಳ್ಗಾಲ್ದಗೆ.’ ಇಂಜಿನಿಯರಿಂಗ್ ಶಿಕ್ಷಣದ ಮೇಲೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

‘ಸಂಕ’ ಎಂಬುದು ಸಂಸ್ಕೃತದ ‘ಸಂಕ್ರಮ’ದ ತದ್ಭವ, ದಾಟುವುದು ಎಂದರ್ಥ. ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಿದರೆ ಸಂಕ್ರಮಣ. ನಮ್ಮ ಮಕ್ಕಳು ಮನೆಯಿಂದ ಶಾಲೆಗೆ ದಾಟುವುದು ಅದಕ್ಕಿಂತ ಸಣ್ಣ ಸಂಗತಿಯೇನಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ತುಂಬಿದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಪತ್ರಿಕೆಗಳು ಬರೆದವು, ಅಧಿಕಾರಿಗಳು ಬಂದರು, ಹಲವು ಕಡೆ ಮರದ ಸಂಕಗಳು ಕಾಂಕ್ರೀಟಿನವಾದವು. ಆಗಬೇಕಾದವು ಇನ್ನೂ ಉಳಿದಿವೆ. ರಾಜ್ಯದಲ್ಲಿ ಸುಮಾರು ಇನ್ನೂರು ಇಂಜಿನಿಯರಿಂಗ್ ಕಾಲೇಜುಗಳಿವೆ. ಮಣಿಪಾಲ, ಸುರತ್ಕಲ್, ನಿಟ್ಟೆಗಳಂಥ ಹೆಸರುವಾಸಿಯಾದ ಸಂಸ್ಥೆಗಳು ಈ ಹಳ್ಳಗಳಿಂದ ಕೆಲವೇ ಗಂಟೆಗಳ ದಾರಿ. ಇಷ್ಟು ವಿದ್ಯೆಯ ನಡುವೆ ಒಂದು ಮಗುವಿಗೆ ಹಳ್ಳ ದಾಟಲು ಎರಡು ಮರದ ದಿಮ್ಮಿಗಳೇ ಗತಿಯಾದವು. ಇಂಜಿನಿಯರರ ಮರ್ಯಾದೆ ಏಕೆ ಇಳಿಯಿತೆಂದು ಸಮ್ಮೇಳನಗಳಲ್ಲಿ ಚರ್ಚಿಸುವವರು ಆ ಹಳ್ಳದ ದಡದಲ್ಲಿ ಒಂದು ಮಧ್ಯಾಹ್ನ ನಿಂತರೆ ಸಾಕಾಗುತ್ತದೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಇದೆ. ಸುಳ್ಯದ ಗಿರೀಶ್ ಭಾರದ್ವಾಜರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪಯಸ್ವಿನಿಯ ಆಚೆ ದಡದ ಅರಂಬೂರಿನ ಜನರು ಕೇಳಿಕೊಂಡರೆಂದು 1989ರಲ್ಲಿ ಅವರು ಒಂದು ತೂಗುಸೇತುವೆಯನ್ನು ನಿರ್ಮಿಸಿದರು. ಊರವರೂ ಕೈಗೂಡಿಸಿದರು. ಅಲ್ಲಿಂದ ಮುಂದೆ ಕರ್ನಾಟಕದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಅವರ ಕೈಯಿಂದ ಆದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಪ್ರಶಸ್ತಿಯ ಮಾತು ಹಾಗಿರಲಿ. ಆ ಸೇತುವೆಗಳನ್ನು ದಾಟುವ ಹಳ್ಳಿಗರು ಅದನ್ನು ಕಟ್ಟಿದವರ ಹೆಸರನ್ನು ಬಲ್ಲರು, ಬಹುವಚನದಲ್ಲಿ ಹೇಳುತ್ತಾರೆ. ಇಂಜಿನಿಯರರಿಗೆ ಸಮಾಜವು ಗೌರವ ಕೊಡುವುದನ್ನು ಮರೆತಿಲ್ಲ. ಯಾರಿಗೆ ಕೊಡಬೇಕೆಂದು ಅದು ಕಾಯುತ್ತಿದೆ.

ಹೊಣೆಯನ್ನು ಕಲಿಸುವುದು ಹೇಗೆಂಬುದಕ್ಕೆ ಕೆನಡಾದೇಶದ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬಹುದು. 1907ರಲ್ಲಿ ಅಲ್ಲಿಯ ಕ್ವಿಬೆಕ್ ಸೇತುವೆಯು ಕಟ್ಟುತ್ತಿರುವಾಗಲೇ ಕುಸಿದು 75 ಮಂದಿ ಕೆಲಸಗಾರರು ಸತ್ತರು; ಸೇತುವೆಯ ತೂಕದ ಲೆಕ್ಕದಲ್ಲಿಯೇ ತಪ್ಪಿದ್ದಿತು. 1925ರಿಂದ ಅಲ್ಲಿ ಹೊಸ ಇಂಜಿನಿಯರರು ಒಂದು ಪ್ರತಿಜ್ಞೆಯನ್ನು ಸ್ವೀಕರಿಸಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಸಾದಾ ಕಬ್ಬಿಣದ ಉಂಗುರವನ್ನು ತೊಡುತ್ತಾರೆ. ನಕ್ಷೆ ಬರೆಯುವಾಗಲೆಲ್ಲ ಅದು ಕಾಗದಕ್ಕೆ ಉಜ್ಜಿ ನೆನಪಿಸಬೇಕು. ಆ ವಿಧಿಯನ್ನು ಬರೆದುಕೊಟ್ಟವನು ಇಂಜಿನಿಯರನಲ್ಲ, ಮುಂಬಯಿಯಲ್ಲಿ ಹುಟ್ಟಿದ ಸಾಹಿತಿ ರಡ್ಯಾರ್ಡ್ ಕಿಪ್ಲಿಂಗ್. ಸಾಹಿತ್ಯದವನಿಗೆ ಇಲ್ಲಿ ಮಾತನಾಡಲು ಇದೂ ಒಂದು ಆಧಾರ.

ನಮಗೆ ಉಂಗುರ ಬೇಕಾಗಿಲ್ಲ, ಹೊಳೆಗಳಿವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸುತ್ತಲಿನ ಪ್ರತಿಯೊಂದು ಕಾಲೇಜೂ ಪಾಲಿಟೆಕ್ನಿಕ್ಕೂ ಒಂದೊಂದು ಹಳ್ಳವನ್ನು ತನ್ನದೆಂದು ಹಿಡಿಯಲಿ. ಎರಡನೆಯ ವರ್ಷದ ವಿದ್ಯಾರ್ಥಿಗಳು ಬೇಸಗೆಯಲ್ಲಲ್ಲ, ಆಷಾಢದಲ್ಲಿ ಹೋಗಿ ನೀರಿನ ಎತ್ತರವನ್ನು ಗುರುತಿಸಲಿ. ಊರಿನ ಹಿರಿಯರು ಕಂಡ ನೆರೆಗಳನ್ನು ಕೇಳಿ ಬರೆದುಕೊಳ್ಳಲಿ. ಒಂದು ರಜೆಯನ್ನಾದರೂ ಮೇಸ್ತ್ರಿಯ ಕೈಕೆಳಗೆ ಕಳೆಯಲಿ. ಕಂಪ್ಯೂಟರ್ ಕಲಿಯುವವರೂ ಹೊರಗುಳಿಯಬೇಕಾಗಿಲ್ಲ; ಹತ್ತು ವರ್ಷಗಳ ಮಳೆ, ನೆರೆಗಳ ಲೆಕ್ಕವನ್ನು ಕೂಡಿಸಿ ಮುನ್ನೆಚ್ಚರಿಕೆ ಕೊಡುವುದು ಅವರದೇ ವಿದ್ಯೆ. ತಯಾರಾದ ನಕ್ಷೆಯನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ವಿವರಿಸಿ, ಅಲ್ಲಿಯ ಹೆಂಗಸರ ಪ್ರಶ್ನೆಗಳಿಗೆ ಉತ್ತರ ಕೊಡುವುದೂ ಪರೀಕ್ಷೆಯ ಒಂದು ಭಾಗವಾಗಲಿ. ಸಂಕ ಸಿದ್ಧವಾದಾಗ ಅದರ ಕಲ್ಲಿನ ಮೇಲೆ ಮೊದಲ ಸಾಲಿನಲ್ಲಿ ಲೆಕ್ಕ ಹಾಕಿದವರ ಹೆಸರೂ ಕಟ್ಟಿದ ಮೇಸ್ತ್ರಿಯ ಹೆಸರೂ ಇರಲಿ. ಒಳ್ಳೆಯದಾದರೆ ಮಾನ, ಕೆಟ್ಟರೆ ಅವಮಾನ. ಎರಡಕ್ಕೂ ತಲೆಯೊಡ್ಡುವವನೇ ವೃತ್ತಿವಂತ.

ನಮ್ಮಲ್ಲಿ ಶಾಲೆಗಳು ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಮೆ ಒಂದೇ ವಾರದಲ್ಲಿ. ಜೂನಿಗೆ ಮುಂಚೆ ಎಷ್ಟು ಸಂಕಗಳನ್ನು ಅಳೆಯಲಾದೀತೆಂದು ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕ ಮಿತ್ರರು ಈಗಲೇ ಲೆಕ್ಕ ಹಾಕತೊಡಗಿದರೆ ಒಳ್ಳೆಯದು.

(ಆಕಾಶವಾಣಿಯ ಕೃಪೆಯಿಂದ)